ಹೊಟ್ಟೆಯೊಳಗೆ ಲೋಹದ ಬಾಗಿಲು: ಹಾಕಿಸಿಕೊಂಡವರು ತೆಗೆಸಲು ಮರೆಯಬಾರದು!

ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಸಾವ್ಕಾರರ ಹೊಟ್ಟೆಯ ಮೇಲ್ಭಾಗದಲ್ಲಿ ಚುಳ್ಳೆಂದಿತು. "ಗ್ಯಾಸ್ ಆಗೈತ್ರಿ ಸಾವ್ಕಾರ್ರ, ಒಂದು ಸೋಡಾ ಕುಡೀರಿ, ಇಳೀತೈತಿ" ಎಂದ ಪಕ್ಕದ ಪಾನ್ ಅಂಗಡಿಯವ. ಸೋಡಾ ಇಳಿಯಿತು, ನೋವು ಇಳಿಯಲಿಲ್ಲ. ಮಧ್ಯರಾತ್ರಿಗೆ ನೋವು ಬೆನ್ನಿಗೆ ಹಾಯಿತು, ವಾಂತಿ ಹತ್ತಿತು. ಬೆಳಗಾಗುವಷ್ಟರಲ್ಲಿ ಸಾವ್ಕಾರರು ಆಸ್ಪತ್ರೆಯ ಮಂಚದ ಮೇಲೆ!

ಇದು ಯಾವನೋ ಒಬ್ಬನ ಕಥೆಯಲ್ಲ. ಯಾವ ಊರಿನ ಯಾವ ಪೇಟೆಯಲ್ಲಾದರೂ ನಡೆಯಬಹುದಾದದ್ದು. ವೈದ್ಯರು ಹೇಳುವ ಹೆಸರು ಮಾತ್ರ ಅನೇಕರಿಗೆ ಹೊಸದು: ಮೇದೋಜ್ಜೀರಕ ಗ್ರಂಥಿಯ ಉರಿಯೂತ. ಇಂಗ್ಲಿಷಿನಲ್ಲಿ ಪ್ಯಾಂಕ್ರಿಯಾಟೈಟಿಸ್.

ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುವ ಸುಮಾರು ಆರು ಅಂಗುಲದ ಗ್ರಂಥಿ ಇದು. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಾಗುವುದು ಇಲ್ಲೇ. ಉಂಡದ್ದನ್ನು ಅರಗಿಸುವ ಕಟುವಾದ ರಸ ಹುಟ್ಟುವುದೂ ಇಲ್ಲೇ. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ಬಿದ್ದರೆ, ಇಲ್ಲವೇ ವರ್ಷಗಟ್ಟಲೆ ಹೆಂಡ ಸಾರಾಯಿ ಸುರಿದುಕೊಂಡರೆ, ಆ ರಸ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಬಹಳಷ್ಟು ಜನ ಸಲೈನ್ ಮತ್ತು ಔಷಧದಲ್ಲೇ ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಪೀಕಲಾಟವಿರುವುದು ಉಳಿದವರದು.

ನೀರಿನ ಚೀಲ, ಕೊಳೆತ ಚೀಲ

ಉರಿಯೂತ ಜೋರಾದವರಲ್ಲಿ ಗ್ರಂಥಿಯ ಸುತ್ತ ನೀರು ಸೇರುತ್ತದೆ. ಕೆಲವರಲ್ಲಿ ಗ್ರಂಥಿಯ ತುಂಡೇ ಸತ್ತು ಕೊಳೆಯುತ್ತದೆ. ಸುಮಾರು ನಾಲ್ಕು ವಾರ ಕಳೆದಾಗ ಅದರ ಸುತ್ತ ಒಂದು ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಒಳಗೆ ಬರೀ ನೀರಿದ್ದರೆ ಅದೊಂದು ಬಗೆ, ಕೊಳೆತ ಗಸಿ ಇದ್ದರೆ ಇನ್ನೊಂದು ಬಗೆ. 2012ರಲ್ಲಿ ಪರಿಷ್ಕಾರವಾದ ಅಟ್ಲಾಂಟಾ ವರ್ಗೀಕರಣ ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳಿದೆ. ಚಿಕಿತ್ಸೆಯ ದಾರಿ ನಿರ್ಧಾರವಾಗುವುದೂ ಇದರ ಮೇಲೆಯೇ.

ಚೀಲ ಕಂಡಿತೆಂದು ಹೌಹಾರಬೇಕಾಗಿಲ್ಲ. ಎಷ್ಟೋ ಚೀಲಗಳು ತಾವಾಗಿಯೇ ಬತ್ತುತ್ತವೆ. ಕೀವಾಗಿ ಜ್ವರ ಬಂದರೆ, ಜಠರವನ್ನು ಒತ್ತಿ ಊಟ ಸೇರದಂತಾದರೆ, ಪಿತ್ತನಾಳ ಒತ್ತಿ ಕಾಮಾಲೆ ಬಂದರೆ, ಇಲ್ಲವೇ ನೋವು ಬಿಡದೆ ಕಾಡಿದರೆ ಆಗ ಬಸಿಯುವ ಮಾತು.

ಅಲ್ಲಿಯೂ ಅವಸರ ಸಲ್ಲದು. ಕೀವಾದವರ ಮೇಲೆ ನೆದರ್ಲೆಂಡಿನ ವೈದ್ಯರು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾದು ನೋಡಿದ ಗುಂಪಿನ ಶೇ. 39 ಮಂದಿಗೆ ಬಸಿಯುವ ಪ್ರಸಂಗವೇ ಬರಲಿಲ್ಲ. ಆ್ಯಂಟಿಬಯೋಟಿಕ್‌ನಲ್ಲೇ ಕೆಲಸ ಮುಗಿಯಿತು. "ಡಾಕ್ಟ್ರು ಸುಮ್ನೆ ಕೂಡ್ಸ್ಯಾರ, ಏನೂ ಮಾಡವಲ್ರು" ಎಂದು ವಾರ್ಡಿನ ಹೊರಗೆ ಗೊಣಗುವ ಬಂಧುಗಳು ಇದನ್ನು ನೆನಪಿಡುವುದು ಲೇಸು.

ಹೊಟ್ಟೆ ಕೊಯ್ಯುವ ಕಾಲ ಹೋಯಿತು

ಹಿಂದೆಲ್ಲ ಇದ್ದದ್ದು ಒಂದೇ ದಾರಿ. ಹೊಟ್ಟೆ ಕೊಯ್ದು ಕೊಳೆತದ್ದನ್ನು ಕೈಯಿಂದ ತೆಗೆಯುವುದು. ಬದುಕಿದರೆ ಪುಣ್ಯ! 2010ರಲ್ಲಿ ಇದೇ ನೆದರ್ಲೆಂಡಿನ ವೈದ್ಯರು 88 ರೋಗಿಗಳ ಲೆಕ್ಕ ಮುಂದಿಟ್ಟರು. ಹೊಟ್ಟೆ ಕೊಯ್ದವರಲ್ಲಿ ಶೇ. 69 ಮಂದಿಗೆ ದೊಡ್ಡ ತೊಡಕು ಅಥವಾ ಸಾವು. ಮೊದಲು ನಳಿಕೆ ಇಟ್ಟು ಬಸಿದು, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಟ್ಟವರಲ್ಲಿ ಅದು ಶೇ. 40. ಅವರಲ್ಲಿ ಶೇ. 35 ಮಂದಿಗೆ ಬಸಿದದ್ದೇ ಸಾಕಾಯಿತು.

ಬಸಿಯುವುದು ಎಲ್ಲಿಂದ? ಪಕ್ಕೆಯಿಂದ ನಳಿಕೆ ಇಟ್ಟರೆ ಚೀಲ ಖಾಲಿಯಾಗುತ್ತದೆ ನಿಜ. ಆದರೆ ಆ ತೂತಿನಿಂದ ಜೀರ್ಣರಸ ಚರ್ಮಕ್ಕೆ ಜಿನುಗುತ್ತಲೇ ಉಳಿಯುವ ಭಯವಿದೆ. ಜಠರದೊಳಗಿಂದಲೇ ಕಿಂಡಿ ಕೊರೆದರೆ? ರಸ ಹೋಗಬೇಕಾದ ಜಾಗಕ್ಕೇ ಹೋಗುತ್ತದೆ! ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಉಪಕರಣದಿಂದ ಹೀಗೆ ಬಸಿದುದನ್ನು ಜರ್ಮನಿಯ ವೈದ್ಯರು 1992ರಲ್ಲಿ ವರದಿ ಮಾಡಿದರು. 2018ರಲ್ಲಿ ಪ್ರಕಟವಾದ 98 ರೋಗಿಗಳ ಡಚ್ ಅಧ್ಯಯನದಲ್ಲಿ, ಸಾವು ಮತ್ತು ದೊಡ್ಡ ತೊಡಕಿನ ಲೆಕ್ಕ ಎರಡೂ ದಾರಿಯಲ್ಲಿ ಸರಿಸಮವಾಗಿತ್ತು. ಆದರೆ ರಸ ಜಿನುಗುವ ಕಾಟ ಶಸ್ತ್ರಕ್ರಿಯೆಯವರಲ್ಲಿ ಶೇ. 32 ಇದ್ದರೆ, ಎಂಡೋಸ್ಕೋಪಿಯವರಲ್ಲಿ ಬರೀ ಶೇ. 5.

ಡಮರುಗದ ನಳಿಕೆ

ಕಿಂಡಿ ಕೊರೆದರಾಯಿತೆ? ಅದು ಮುಚ್ಚಿಕೊಳ್ಳದಂತೆ ಏನಾದರೂ ಇಡಬೇಕು. ಮೊದಮೊದಲು ಇಡುತ್ತಿದ್ದುದು ಮೂರು ಮಿಲಿಮೀಟರ್ ಆಸುಪಾಸಿನ ಪ್ಲಾಸ್ಟಿಕ್ ನಳಿಕೆ. ನೀರು ಹರಿಯಲು ಅಡ್ಡಿಯಿಲ್ಲ. ಕೊಳೆತ ಗಸಿ ಬಂದರೆ ಕಟ್ಟಿಕೊಳ್ಳುತ್ತದೆ, ಮೋರಿಗೆ ಕಸ ಸಿಕ್ಕಿದಂತೆ.

ಲೋಹದ ಸ್ಟೆಂಟ್ ಬಂದದ್ದು ಈ ಪಡಿಪಾಟಲಿಗೆ ಪರಿಹಾರವಾಗಿ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ಎಂಬ ಲೋಹದ ತಂತಿಯ ಹೆಣಿಗೆ. ಮೇಲೆ ಸಿಲಿಕಾನ್ ಹೊದಿಕೆ. ಆಕಾರ ಥೇಟ್ ಡಮರುಗ: ಎರಡೂ ತುದಿ ಅಗಲ, ನಡು ಸಣ್ಣ. ಸಣ್ಣ ಕೊಳವೆಯೊಳಗೆ ಮುದುಡಿಕೊಂಡು ಹೋಗಿ, ಜಾಗ ಸೇರಿದ ಮೇಲೆ ತಾನೇ ಅರಳುತ್ತದೆ. ಒಂದು ತುದಿ ಚೀಲದೊಳಗೆ, ಇನ್ನೊಂದು ಜಠರದೊಳಗೆ. ಎರಡು ಗೋಡೆಗಳನ್ನೂ ಗುಂಡಿ ಹಾಕಿದಂತೆ ಒತ್ತಿ ಹಿಡಿಯುತ್ತದೆ. ಬಾಯಿಯ ಅಗಲ 10ರಿಂದ 20 ಮಿಲಿಮೀಟರ್. ಅಗಲವಾದದ್ದಾದರೆ ಎಂಡೋಸ್ಕೋಪನ್ನೇ ಅದರೊಳಗೆ ತೂರಿಸಿ ಕೊಳೆತದ್ದನ್ನು ಎಳೆದು ತೆಗೆಯಬಹುದು. ಇಂಥ ಸ್ಟೆಂಟಿಗೆ ಅಮೆರಿಕದ ಔಷಧ ಆಡಳಿತ 2013ರಲ್ಲಿ ಒಪ್ಪಿಗೆಯ ಮುದ್ರೆ ಒತ್ತಿತು.

ರಾಯಚೂರು, ಕಲಬುರಗಿ ಸೀಮೆಯವರು ದೊಡ್ಡ ಕಾಯಿಲೆ ಬಂದರೆ ಬಸ್ಸು ಹತ್ತುವ ಹೈದರಾಬಾದಿನಲ್ಲೂ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ಕೊಳೆತ ಚೀಲದ 205 ರೋಗಿಗಳಿಗೆ ಡಮರುಗದಂಥದೇ ಲೋಹದ ಸ್ಟೆಂಟ್ ಹಾಕಿದ ಅನುಭವವನ್ನು 2017ರಲ್ಲಿ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಮಂದಿಗೆ ಸ್ಟೆಂಟ್ ಒಂದೇ ಸಾಕಾಯಿತು.

ಹಾಗಾದರೆ ಎಲ್ಲರಿಗೂ ಲೋಹವೇ ಬೇಕೆ? ಬೇಡ. ಬರೀ ನೀರಿನ ಚೀಲಕ್ಕೆ ಪ್ಲಾಸ್ಟಿಕ್ ನಳಿಕೆ ಸಾಕಾಗುತ್ತದೆ, ಖರ್ಚೂ ಕಮ್ಮಿ. ಲೋಹದ್ದು ದುಬಾರಿ. "ಒಳಗ ನೀರೈತೋ ಗಸಿ ಐತೋ?" ಎಂದು ವೈದ್ಯರನ್ನು ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ.

ಮೂರು ವಾರದ ಗಡುವು

ಅಸಲು ವಿಷಯ ಇರುವುದು ಇಲ್ಲಿ. ಸ್ಟೆಂಟ್ ಬಿದ್ದ ಕೆಲವೇ ದಿನಕ್ಕೆ ಜ್ವರ ಇಳಿಯುತ್ತದೆ, ಊಟ ಸೇರುತ್ತದೆ. ಸಾವ್ಕಾರರು ಮತ್ತೆ ಗಲ್ಲೆಯ ಮುಂದೆ! ಮೂರನೇ ವಾರಕ್ಕೆ ಬರಬೇಕೆಂದು ಚೀಟಿಯಲ್ಲಿ ಬರೆದಿದೆ. ಆದರೆ ಹಬ್ಬದ ಸೀಜನ್ನು, ಬಸ್ ಚಾರ್ಜು ಬೇರೆ. "ಆರಾಮ ಅದೀರಲ್ರಿ, ಮತ್ಯಾಕ ಹೋಗೋದು?" ಎನ್ನುತ್ತಾರೆ ಮನೆಯವರು. ಚೀಟಿ ಡ್ರಾಯರ್ ಸೇರುತ್ತದೆ.

ಅಪಾಯ ಕಾದಿರುವುದು ಆರಾಮದಲ್ಲೇ. ಚೀಲ ಬತ್ತಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಅದರ ಅಂಚು ಚೀಲದ ಹಿಂಬದಿಯ ಗೋಡೆಗೆ ತಗುಲಿ, ಅಲ್ಲಿ ಹಾದುಹೋಗುವ ರಕ್ತನಾಳವನ್ನು ತಿಕ್ಕತೊಡಗುತ್ತದೆ. ನಾಳ ಹರಿದರೆ ರಕ್ತ ಧಾರಾಕಾರ. ಕೆಲವರಲ್ಲಿ ಜಠರದ ಪೊರೆಯೇ ಬೆಳೆದು ಸ್ಟೆಂಟನ್ನು ನುಂಗಿಬಿಡುತ್ತದೆ.

ಇದು ಬಯಲಾದದ್ದು ಅಮೆರಿಕದ ಒರ್ಲಾಂಡೊದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಿಂದ. ಒಟ್ಟು 60 ರೋಗಿಗಳು. ಸ್ಟೆಂಟ್‌ನಿಂದಲೇ ಬಂದ ತೊಡಕು ಲೋಹದವರಲ್ಲಿ ಶೇ. 32, ಪ್ಲಾಸ್ಟಿಕ್‌ನವರಲ್ಲಿ ಶೇ. 7. ಅಧ್ಯಯನದ ನಡುವೆಯೇ ವೈದ್ಯರು ಎಚ್ಚೆತ್ತರು. ಮೂರು ವಾರಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿ, ಚೀಲ ಬತ್ತಿದ್ದರೆ ಲೋಹವನ್ನು ತೆಗೆದುಬಿಡುವ ನಿಯಮ ಮಾಡಿದರು. ಆ ಮೇಲೆ ಎರಡರ ನಡುವೆ ಹೇಳಿಕೊಳ್ಳುವ ಅಂತರ ಉಳಿಯಲಿಲ್ಲ. ಅಂದರೆ, ಸಾಮಾನು ಕೆಟ್ಟದ್ದಲ್ಲ. ಅದನ್ನು ಮರೆಯುವುದು ಕೆಟ್ಟದ್ದು.

ತೆಗೆಯುವುದು ದೊಡ್ಡ ಆಪರೇಷನ್ ಏನಲ್ಲ. ಎಂಡೋಸ್ಕೋಪಿನಿಂದಲೇ ಹಿಡಿದು ಎಳೆಯುತ್ತಾರೆ. ಚೀಲ ಇನ್ನೂ ಬತ್ತಿಲ್ಲದಿದ್ದರೆ ಮುಂದೇನೆಂದು ಅಲ್ಲಿಯೇ ತೀರ್ಮಾನವಾಗುತ್ತದೆ. ಈ ನಡುವೆ ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ತಲೆ ಸುತ್ತಿದರೆ, ಜ್ವರ ಮರಳಿದರೆ ಬೆಳಗಿನ ಬಸ್ಸಿಗೆ ಕಾಯಬಾರದು. ಆಗಲೇ ಆಸ್ಪತ್ರೆಗೆ ಓಡಬೇಕು, ಹೊಟ್ಟೆಯಲ್ಲಿ ಸ್ಟೆಂಟ್ ಇದೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು.

ಇನ್ನು ಬೇರು ಕಿತ್ತದಿದ್ದರೆ ಕಾಯಿಲೆ ಮತ್ತೆ ಚಿಗುರುತ್ತದೆ. ಕಲ್ಲಿನಿಂದ ಬಂದದ್ದಾದರೆ ವೈದ್ಯರು ಹೇಳಿದಾಗ ಪಿತ್ತಕೋಶ ತೆಗೆಸಬೇಕು. ಕುಡಿತದಿಂದ ಬಂದದ್ದಾದರೆ ಬಾಟಲಿಗೆ ಶಾಶ್ವತವಾಗಿ ಕೈಮುಗಿಯಬೇಕು.

ಗಿರಾಕಿಯ ನಾಲ್ಕಾಣೆ ಬಾಕಿಯನ್ನೂ ಮರೆಯದೆ ಉದ್ರಿ ಪುಸ್ತಕದಲ್ಲಿ ಬರೆದಿಡುವವರು ಅಂಗಡಿಯವರು. ಸ್ಟೆಂಟ್ ತೆಗೆಸುವ ತಾರೀಖನ್ನೂ ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಆ ಬಾಕಿ ತೀರಿಸುವುದು ತಡವಾದರೆ ಬಡ್ಡಿ ಬಹಳ ದುಬಾರಿ.