ಬಿಕ್ಕಳಿಕೆಯ ಇಂಗ್ಲಿಷ್ ಹೆಸರು

ಇಂಗ್ಲಿಷಿನ ‘ಹಿಕಪ್’ ಎಂಬ ಶಬ್ದವನ್ನು ಉಚ್ಚರಿಸಿ ನೋಡಿ. ನಾಲಗೆಯ ಮೇಲೆಯೇ ಒಂದು ಬಿಕ್ಕಳಿಕೆ ಹುಟ್ಟಿದಂತಾಗುತ್ತದೆ. ವಪೆ ಹಠಾತ್ತನೆ ಸಂಕೋಚಗೊಂಡು ಉಸಿರು ಒಳನುಗ್ಗುತ್ತದೆ; ಮರುಕ್ಷಣವೇ ಧ್ವನಿತಂತುಗಳ ನಡುವಣ ಕಂಡಿ ಮುಚ್ಚಿಕೊಳ್ಳುತ್ತದೆ. ಆ ತಡೆಯ ಸದ್ದೇ ಈ ಶಬ್ದದ ತಾಯಿ. 16ನೆಯ ಶತಮಾನದಲ್ಲಿ ‘ಹಿಕೆಟ್’ ಎಂಬ ರೂಪವೂ ಬಳಕೆಯಲ್ಲಿತ್ತು, ಅದೂ ಅನುಕರಣಶಬ್ದವೇ.

17ನೆಯ ಶತಮಾನದ ಬರಹಗಾರರಿಗೆ ಬರಿಯ ಸದ್ದು ಸಾಲದಾಯಿತು. ಶಬ್ದದ ಕೊನೆಯಲ್ಲಿ ಕೆಮ್ಮಿನ ಅರ್ಥದ ‘ಕಾಫ್’ ಅಡಗಿದೆಯೆಂದು ಬಗೆದು, ಕಾಗುಣಿತವನ್ನೇ ಅದಕ್ಕೆ ತಕ್ಕಂತೆ ಮಾರ್ಪಡಿಸಿದರು. ಕೆಮ್ಮಿನಲ್ಲಿ ಗಾಳಿ ಹೊರಕ್ಕೆ, ಬಿಕ್ಕಳಿಕೆಯಲ್ಲಿ ಒಳಕ್ಕೆ! ಆ ಬರಹ ನಿಘಂಟುಗಳಲ್ಲಿ ಇಂದಿಗೂ ಉಳಿದಿದೆ. ಉಚ್ಚಾರ ಮಾತ್ರ ಸಾಮಾನ್ಯವಾಗಿ ‘ಹಿಕಪ್’ ಎಂದೇ.

ಸಂಸ್ಕೃತದ ‘ಹಿಕ್ಕಾ’ ಇದಕ್ಕೆಷ್ಟು ಹತ್ತಿರ! ಆದರೆ ನಂಟೆಂದು ಭ್ರಮಿಸಬಾರದು. ಎರಡು ಭಾಷೆಗಳೂ ಒಂದೇ ಗಂಟಲಿಗೆ ಕಿವಿಗೊಟ್ಟವು, ಅಷ್ಟೆ. ಲ್ಯಾಟಿನ್ನಿನ ‘ಸಿಂಗುಲ್ತುಸ್’ ಬಿಕ್ಕಳಿಕೆಯೂ ಹೌದು, ಅಳುವಿನ ಬಿಕ್ಕೂ ಹೌದು. ಕನ್ನಡಿಗರಾದ ನಮಗೆ ಇದು ಹೊಸತಲ್ಲ. ದುಃಖಕ್ಕೂ ಬಿಕ್ಕುತ್ತೇವೆ, ನೀರು ನೆತ್ತಿಗೇರುವ ಮುನ್ನವೂ ಬಿಕ್ಕುತ್ತೇವೆ.

ಪಂಡಿತರ ತಿದ್ದುಪಡಿಗೆ ಜನರ ನಾಲಗೆ ಮಣಿಯಲಿಲ್ಲ. ನಿಘಂಟನ್ನು ತೆರೆಯುವ ಮುನ್ನ ಕಿವಿಯನ್ನು ತೆರೆಯಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಇಂಥ ಶಬ್ದಗಳ ಬಲದಿಂದಲೇ.