ಹೊಸ ಬ್ಯಾಂಡ್ ಹುಡುಕುವ ಚಟ

ಹೊಸ ರಾಕ್ ಬ್ಯಾಂಡ್‌ಗಳನ್ನು ಹುಡುಕುವ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಜಾನ್ ಪೀಲ್. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಬಿಬಿಸಿ ರೇಡಿಯೊ 1ರಲ್ಲಿ ಕೂತು, ಹೆಸರಿಲ್ಲದ ಹುಡುಗರ ಹಾಡುಗಳನ್ನು ದೇಶಕ್ಕೆಲ್ಲ ಕೇಳಿಸಿದ ಪುಣ್ಯಾತ್ಮ. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿಯ ‘ದಿ ಅಂಡರ್‌ಟೋನ್ಸ್’ ತಂಡದ ‘ಟೀನೇಜ್ ಕಿಕ್ಸ್’ ಎಷ್ಟು ಹಿಡಿಸಿತೆಂದರೆ, ಬೆನ್ನುಬೆನ್ನಿಗೆ ಎರಡು ಸಲ ಹಾಕಿಬಿಟ್ಟ. ಸ್ವಲ್ಪ ದಿನಗಳಲ್ಲೇ ಅಮೆರಿಕದ ಸೈರ್ ರೆಕಾರ್ಡ್ಸ್ ಆ ಹುಡುಗರ ಜತೆ ಒಪ್ಪಂದ ಮಾಡಿಕೊಂಡಿತು.

ಈಗ ಪೀಲ್ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಸ್ಟ್ರೀಮಿಂಗ್ ಆ್ಯಪ್‌ಗಳು ನಾವು ಕೇಳಿದ್ದನ್ನೇ ಹೋಲುವುದನ್ನು ಮತ್ತೆ ಮತ್ತೆ ಬಡಿಸುತ್ತವೆ; ನನಗದು ತಂಗಳು. ನಾನು ಹೋಗುವುದು ಬ್ಯಾಂಡ್‌ಗಳು ತಮ್ಮ ಹಾಡುಗಳನ್ನು ತಾವೇ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿಗೆ. ಅಲ್ಲಿ ಆಲ್ಬಮ್ ಪುಟದಲ್ಲೇ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ಮನುಷ್ಯನ ಇಡೀ ಸಂಗ್ರಹವೇ ತೆರೆದುಕೊಳ್ಳುತ್ತದೆ. ನನ್ನಂಥದೇ ಹುಚ್ಚಿನವರು ಸಿಕ್ಕರಂತೂ (ಸಿಗುತ್ತಾರೆ, ಯಾವುದೋ ದೇಶದಲ್ಲಿ) ಬೆಳಗಾದದ್ದೇ ಗೊತ್ತಾಗುವುದಿಲ್ಲ.

ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ನೂರಕ್ಕೆ 15 ಹಿಡಿದುಕೊಳ್ಳುತ್ತದೆ. 2020ರಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಂದು ಅದನ್ನೂ ಬಿಟ್ಟುಕೊಡುತ್ತದೆ. ಹಾಡು ಹಿಡಿಸಿದರೆ ಅಂಥ ಶುಕ್ರವಾರ ನೋಡಿಕೊಂಡು ಕೊಳ್ಳಿ.