ಮೈಯೊಳಗಿನ ಗಡಿಯಾರದ ಮುಳ್ಳು ತಿರುಗಿಸುವವರು ಯಾರು?

ಗೋಡೆ ಗಡಿಯಾರ ಎಲ್ಲರಿಗೂ ಗೊತ್ತು. ನಮ್ಮ ಮೈಯೊಳಗೂ ಒಂದು ಗಡಿಯಾರ ಇದೆ. ಅದಕ್ಕೆ ಜೈವಿಕ ಗಡಿಯಾರ ಎಂದು ಹೆಸರು. ನಿದ್ದೆ ಬರೋದು, ಎಚ್ಚರ ಆಗೋದು, ಹೊಟ್ಟೆ ಹಸಿಯೋದು ಎಲ್ಲಾ ಅದರ ಲೆಕ್ಕದಂತೆ ನಡೆಯುತ್ತದೆ. ಹಸು, ಇಲಿ, ಬಾವಲಿ ಹೀಗೆ ಮರಿಗೆ ಹಾಲೂಡಿಸುವ ಪ್ರಾಣಿಗಳಲ್ಲೂ ಇದು ಇದೆ.

ಎರಡು ಕಣ್ಣಿನಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುತ್ತವೆ. ಆ ಜಾಗದ ಮೇಲೆಯೇ ಗಡಿಯಾರ ಕೂತಿದೆ. ಇಲಿಯಲ್ಲಿ ಅದು ಸುಮಾರು 20,000 ನರಕೋಶಗಳ ಗುಂಪು, ಅಷ್ಟೇ.

ಆದರೆ ಈ ಗಡಿಯಾರ ಸರಿಯಾಗಿ 24 ಗಂಟೆಗೆ ಸುತ್ತುವುದಿಲ್ಲ! ಮನುಷ್ಯರಲ್ಲಿ ಸರಾಸರಿ 24 ಗಂಟೆ 10 ನಿಮಿಷ ಬೇಕು. ಹಾಗೇ ಬಿಟ್ಟರೆ ತಿಂಗಳಿಗೆ 5 ಗಂಟೆ ಹಿಂದೆ ಬೀಳುತ್ತದೆ. ಲೆಕ್ಕ ಮಾಡಿ ನೋಡಿ. ಆದ್ದರಿಂದ ದಿನಾ ಯಾರಾದರೂ ಮುಳ್ಳು ತಿರುಗಿಸಬೇಕು. ಆ ಕೆಲಸ ಮುಖ್ಯವಾಗಿ ಬೆಳಕಿನದು. ಕಣ್ಣಿನೊಳಗೆ ಬೆಳಕು ಎಷ್ಟಿದೆ ಎಂದು ಅಳೆಯುವ ಬೇರೆ ಕೋಶಗಳೇ ಇವೆ. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ. ಸಂಜೆ ಕತ್ತಲಾದ ಮೇಲಿನ ಬೆಳಕು ಹಿಂದಕ್ಕೆ ತಳ್ಳುತ್ತದೆ, ಮೊಬೈಲ್ ಬೆಳಕೂ ಸೇರಿ. ಯಕೃತ್ತಿನಲ್ಲೂ ಒಂದು ಗಡಿಯಾರ ಇದೆ, ಅದು ಊಟದ ಹೊತ್ತನ್ನೂ ನೋಡುತ್ತದೆ.

ಬೆಳಕೇ ಇಲ್ಲದ ಗುಹೆಯಲ್ಲಿ ಬಾವಲಿಗಳು ಏನು ಮಾಡ್ತವೆ? ಇದನ್ನು ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ಜೊತೆಯವರು ನೋಡಿದರು. ಒಂಟಿಯಾಗಿ ಕತ್ತಲಲ್ಲಿಟ್ಟ ಬಾವಲಿಯ ಹೊತ್ತು ತಪ್ಪಿತು. ಹೊರಗೆ ಹೋಗಿ ಬರುವ ಬಾವಲಿಗಳ ನಡುವೆ ಪಂಜರದಲ್ಲಿಟ್ಟರೆ ತಪ್ಪಲಿಲ್ಲ! ಜೊತೆಗಾರರೇ ಹೊತ್ತು ತಿಳಿಸಿದರು. ಇದು 1981ರಲ್ಲಿ ಪ್ರಕಟವಾಯಿತು. ಚಂದ್ರಶೇಖರನ್ ಅವರು ಆಮೇಲೆ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಕೆಲಸ ಮಾಡಿದರು.

ನನಗೆ ಬಹಳ ಇಷ್ಟವಾದದ್ದು ಹೊಲದ ಇಲಿಯ ಪ್ರಯೋಗ. ವಿಶ್ವನಾಥನ್ ಮತ್ತು ಚಂದ್ರಶೇಖರನ್ 1985ರಲ್ಲಿ ಪ್ರಕಟಿಸಿದ್ದು. ಮರಿಗಳನ್ನು ಹಗಲು ರಾತ್ರಿ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟರು. ತಾಯಿಯನ್ನು 12 ಗಂಟೆ ಜೊತೆಗೆ ಬಿಟ್ಟು 12 ಗಂಟೆ ದೂರ ಇಟ್ಟರು. ಮರಿಗಳ ಗಡಿಯಾರ ತಾಯಿ ಬರುವ ಹೋಗುವ ಹೊತ್ತಿಗೇ ಹೊಂದಿಕೊಂಡಿತು. ಅಮ್ಮ ಇದ್ದರೆ ಹಗಲು, ಇಲ್ಲದಿದ್ದರೆ ರಾತ್ರಿ. ಇಲಿ ರಾತ್ರಿ ಮೇಯಲು ಹೋಗುವ ಪ್ರಾಣಿ ಅಲ್ವಾ, ಆ ಮರಿಗಳ ಲೆಕ್ಕ ಸರಿಯೇ!

ಇದನ್ನೆಲ್ಲಾ ನಾನು ತಿಳಿದುಕೊಂಡದ್ದು ನಮ್ಮ ಚಿಕ್ಕಪ್ಪನಿಗೋಸ್ಕರ. ಅವರು ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ ಮಾಡ್ತಾರೆ. ಹಗಲಲ್ಲಿ ಮಲಗಿದರೆ ಅಕ್ಕಪಕ್ಕದವರು ಸೋಂಬೇರಿ ಅಂತಾರೆ. ಆದರೆ ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಮಾತ್ರ ಸರಿಯುತ್ತದೆ. ಅದು ಪೂರ್ತಿ ತಿರುಗುವ ಮೊದಲೇ ವಾರ ಮುಗಿದು ಪಾಳಿ ಬದಲಾಗುತ್ತೆ. ಸಾಲದ್ದಕ್ಕೆ ಬೆಳಗ್ಗೆ ಕೆಂಗೇರಿಯಲ್ಲಿ ಬಸ್ ಇಳಿದಾಗ ಬಿಸಿಲು ಮುಖಕ್ಕೇ ಹೊಡೆಯುತ್ತೆ. ಗಡಿಯಾರಕ್ಕೆ ‘ಏಳು, ಬೆಳಗಾಯ್ತು’ ಅಂತ ಹೇಳಿದ ಹಾಗೆ.

ಈಗ ಚಿಕ್ಕಮ್ಮ ಕಿಟಕಿಗೆ ಕರೀ ಕಂಬಳಿ ಕಟ್ಟಿದ್ದಾರೆ. ಚಿಕ್ಕಪ್ಪ ತಲೆ ಮೇಲೆ ಟವೆಲ್ ಹೊದ್ದು, ಮುಖಕ್ಕೆ ನೆರಳು ಮಾಡಿಕೊಂಡು ಮನೆಗೆ ಬರ್ತಾರೆ. ನಿದ್ದೆ ಸ್ವಲ್ಪ ವಾಸಿ, ಹನ್ನೊಂದಕ್ಕೇ ಎಚ್ಚರ ಆಗ್ತಿದ್ದದ್ದು ಈಗ ಒಂದು ಗಂಟೆವರೆಗೂ ಮಲಗ್ತಾರೆ ಅಂತ ಚಿಕ್ಕಮ್ಮ ಹೇಳಿದರು. ನಾವು ಹುಡುಗರು ಗೋಲಿ ಆಟವನ್ನು ಅವರ ಕಿಟಕಿ ಕೆಳಗಿನಿಂದ ಹುಣಸೆಮರದ ಹತ್ತಿರಕ್ಕೆ ಬದಲಾಯಿಸಿದ್ದೇವೆ.